ನಾವಿಕರ ಚಿತ್ರಶಾಲೆಯನ್ನು ಕಟ್ಟಿದ ಎಡ್ವರ್ಡ್ ಹಾಕ್ ಲಾಕರ್

ಕಾದಿ ಮಡಿದವನ ನೆನಪಿಗೆ ಕಲ್ಲು ನೆಡುವುದು ಕನ್ನಡ ನಾಡಿನ ಪುರಾತನ ಪದ್ಧತಿ. ತುರುಗಳನ್ನು ಕಾಯ್ದು ಸತ್ತವನಿಗೂ ಊರಳಿವಿನಲ್ಲಿ ಹೋರಾಡಿ ಬಿದ್ದವನಿಗೂ ನಮ್ಮ ಹಿರಿಯರು ವೀರಗಲ್ಲುಗಳನ್ನು ನಿಲ್ಲಿಸಿದರು. ಮುಂಬಯಿಯ ಬಳಿಯ ಎಕ್ಸರ್ ಎಂಬಲ್ಲಿ ಹಡಗುಗಳ ಕಾಳಗವನ್ನೇ ಕೆತ್ತಿದ ವೀರಗಲ್ಲುಗಳು ಇಂದಿಗೂ ಉಳಿದಿವೆ. ಆದರೆ ಅಂಥವು ಅಪರೂಪ. ನೆಲದ ಮೇಲೆ ಬಿದ್ದ ವೀರನಿಗೆ ಬಿದ್ದ ಸ್ಥಳವಾದರೂ ಉಂಟು. ಕಡಲಿನಲ್ಲಿ ಮುಳುಗಿದವನ ಮೇಲೆ ಒಂದು ಅಲೆ ಹಾದುಹೋದರೆ ಗುರುತೇ ಉಳಿಯುವುದಿಲ್ಲ. ಹೀಗೆ ಅಳಿದುಹೋಗುವ ನಾವಿಕರ ಸ್ಮೃತಿಯನ್ನು ಚಿತ್ರಗಳ ಮೂಲಕ ಉಳಿಸಬೇಕೆಂದು ತಂದೆಯೊಬ್ಬನು ಬಯಸಿದನು; ಅವನ ಕಾಲದಲ್ಲಿ ಅದು ಕೈಗೂಡಲಿಲ್ಲ. ಮಗನು ಇಪ್ಪತ್ತೆಂಟು ವರ್ಷಗಳ ಅನಂತರ ಅದನ್ನು ನೆರವೇರಿಸಿದನು. ಆ ಮಗನೇ ಎಡ್ವರ್ಡ್ ಹಾಕ್ ಲಾಕರ್. ನಾವು ವಾಸಿಸುವ ಈ ನಗರಕ್ಕೂ ಅವನಿಗೂ ಸಂಬಂಧವುಂಟಾದುದರಿಂದ ಅವನ ಜೀವನವನ್ನು ನಮ್ಮ ವಿದ್ಯಾರ್ಥಿಮಿತ್ರರು ತಿಳಿಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಎಡ್ವರ್ಡನು ೧೭೭೭ನೆಯ ಇಸವಿಯ ಅಕ್ಟೋಬರ್ ೯ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್ ಎಂಬ ಊರಿನಲ್ಲಿ ಜನಿಸಿದನು. ತಂದೆ ವಿಲಿಯಂ ಲಾಕರ್ ನೌಕಾಪಡೆಯ ಕಪ್ತಾನನು. ತಾಯಿ ಲೂಸಿ ಪ್ಯಾರಿ ನೌಕಾಧಿಪತಿಯೊಬ್ಬನ ಮಗಳು. ವಿಲಿಯಮನು ತರುಣನಾಗಿದ್ದಾಗ ಅಡ್ಮಿರಲ್ ಎಡ್ವರ್ಡ್ ಹಾಕ್ ಎಂಬ ಸುಪ್ರಸಿದ್ಧ ಸೇನಾನಿಯ ಕೈಕೆಳಗೆ ದುಡಿದಿದ್ದನು. ಆ ಹಿರಿಯನ ಮೇಲಣ ಗೌರವದಿಂದಲೇ ಕಿರಿಯ ಮಗನಿಗೆ ಅವನ ಹೆಸರನ್ನಿಟ್ಟನು. ಹೀಗೆ ಹುಟ್ಟಿದಂದಿನಿಂದಲೇ ಈ ಬಾಲಕನ ಹೆಸರಿನಲ್ಲಿ ಕಡಲಿನ ನೆನಪೊಂದು ಸೇರಿಹೋಗಿತ್ತು.

ವಿಲಿಯಂ ಲಾಕರನ ಹಿರಿಮೆಯನ್ನು ಒಂದೆರಡು ಮಾತುಗಳಲ್ಲಿ ಹೇಳದೆ ಮಗನ ಕಥೆ ಮುಂದುವರಿಯದು. ಶತ್ರುವಿನ ಹಡಗನ್ನೇರಿ ಕಾದಾಡುವಾಗ ಕಾಲಿಗೆ ಗಾಯವಾಗಿ ಅವನು ಬಾಳಿನುದ್ದಕ್ಕೂ ಕುಂಟುತ್ತಿದ್ದನು. ಎಡ್ವರ್ಡನು ಹುಟ್ಟಿದ ೧೭೭೭ರಲ್ಲಿಯೇ ಅವನ ಅಧೀನದ ಲೋಸ್ಟಾಫ್ ಎಂಬ ಹಡಗಿಗೆ ಹದಿನೆಂಟು ವರ್ಷದ ಕೃಶಕಾಯನಾದ ಯುವಕನೊಬ್ಬನು ಲೆಫ್ಟಿನೆಂಟನಾಗಿ ಬಂದನು. ಅವನೇ ಮುಂದೆ ಜಗದ್ವಿಖ್ಯಾತನಾದ ಹೊರೇಷಿಯೊ ನೆಲ್ಸನ್. ಯುದ್ಧದಲ್ಲಿ ದೂರ ನಿಂತು ಗುಂಡು ಹಾರಿಸುವುದಕ್ಕಿಂತ ವೈರಿಯ ಮಗ್ಗುಲಿಗೆ ಹೋಗಿ ಕಾದುವುದೇ ಜಯದ ಹಾದಿಯೆಂಬ ಪಾಠವನ್ನು ನೆಲ್ಸನ್ನನು ಈ ಗುರುವಿನಿಂದಲೇ ಕಲಿತನು. ಅದನ್ನು ಆತನು ಕೀರ್ತಿಶಿಖರವನ್ನೇರಿದ ಮೇಲೂ ಮರೆಯಲಿಲ್ಲ. ವಿಲಿಯಮನು ಈ ಶಿಷ್ಯನ ಚಿತ್ರವನ್ನು ರಿಗೋ ಎಂಬ ಕಲಾವಿದನಿಂದ ಬರೆಯಿಸಿ ತನ್ನ ಮನೆಯಲ್ಲಿಟ್ಟುಕೊಂಡನು. ಅಂದು ನೆಲ್ಸನ್ನನು ಯಾರಿಗೂ ತಿಳಿಯದ ಕಿರಿಯ ಅಧಿಕಾರಿ. ಇತರರ ಯೋಗ್ಯತೆಯನ್ನು ಮುಂಗಂಡು, ಅದರ ಗುರುತನ್ನು ಕಾಪಾಡಿಡುವ ಗುಣ ಆ ಮನೆತನದ್ದಾಗಿತ್ತು.

೧೭೯೩ರಲ್ಲಿ ವಿಲಿಯಂ ಲಾಕರನು ಗ್ರೀನಿಚ್ ಆಸ್ಪತ್ರೆಯ ಉಪರಾಜ್ಯಪಾಲನಾಗಿ ನಿಯುಕ್ತನಾದನು. ಭೂಗೋಳದ ಪಾಠದಲ್ಲಿ ಶೂನ್ಯ ರೇಖಾಂಶದ ಊರೆಂದು ನಾವೆಲ್ಲರೂ ಓದುವ ಗ್ರೀನಿಚ್ ಇದೇ. ಆಸ್ಪತ್ರೆಯೆಂಬ ಹೆಸರಿದ್ದರೂ ಅದು ರೋಗಿಗಳ ಶುಶ್ರೂಷೆಗೆ ಮಾತ್ರ ಮೀಸಲಾದ ಸ್ಥಳವಲ್ಲ. ಕೈಕಾಲು ಕಳೆದುಕೊಂಡ, ಮುಪ್ಪಡರಿದ ನಾವಿಕರಿಗೆ ಅನ್ನ ವಸತಿಗಳನ್ನು ಕೊಟ್ಟು ಸಲಹುವ ಆಶ್ರಯಧಾಮ. ೧೬೯೪ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಭವನಗಳನ್ನು ಸರ್ ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿಯು ಯೋಜಿಸಿದನು. ಅಲ್ಲಿಯ ಭೋಜನಶಾಲೆಯ ಗೋಡೆ ಮತ್ತು ಮಾಳಿಗೆಗಳನ್ನು ಜೇಮ್ಸ್ ಥಾರ್ನ್‌ಹಿಲ್ ಎಂಬಾತನು ೧೭೦೭ರಿಂದ ೧೭೨೬ರ ವರೆಗೆ, ಅಂದರೆ ಹತ್ತೊಂಬತ್ತು ವರ್ಷ, ಚಿತ್ರಗಳಿಂದ ತುಂಬಿದನು. ಕೆಲಸ ಮುಗಿದಾಗ ಅದು ಎಷ್ಟು ವೈಭವಯುತವಾಗಿ ಪರಿಣಮಿಸಿತೆಂದರೆ, ಮುದಿ ನಾವಿಕರು ಅಲ್ಲಿ ಕುಳಿತು ಉಣ್ಣುವುದು ತರವಲ್ಲವೆಂದು ಮೇಲಿನವರಿಗೆ ತೋರಿತು. ಹೀಗಾಗಿ ಆ ಚಿತ್ರಿತ ಸಭಾಂಗಣವು ನೋಟಕರ ಕುತೂಹಲಕ್ಕೆ ವಿಷಯವಾಗಿ, ಉಳಿದಂತೆ ಒಂದು ಶತಮಾನದಷ್ಟು ಕಾಲ ಬರಿದಾಗಿಯೇ ನಿಂತಿತ್ತು.

ಈ ಬರಿದಾದ ಮಂಟಪವನ್ನು ಕಂಡ ವಿಲಿಯಮನ ಮನಸ್ಸಿನಲ್ಲಿ ಒಂದು ಆಲೋಚನೆ ಮೂಡಿತು. ಇಂಗ್ಲೆಂಡಿನ ನೌಕಾಧಿಪತಿಗಳ ಭಾವಚಿತ್ರಗಳನ್ನೂ ಸಮುದ್ರಯುದ್ಧಗಳ ಚಿತ್ರಗಳನ್ನೂ ಇಲ್ಲಿ ಒಂದೆಡೆ ಸಂಗ್ರಹಿಸಿದರೆ, ಅವುಗಳ ಮುಂದೆಯೇ ಆ ಯುದ್ಧಗಳಲ್ಲಿ ಕಾದಿದ ಮುದುಕರು ನಡೆದಾಡಬಹುದಲ್ಲವೆ? ೧೭೯೫ರಲ್ಲಿ ಅವನು ಈ ಸಲಹೆಯನ್ನು ಮುಂದಿಟ್ಟನು. ಆದರೆ ಅದು ಫ್ರಾನ್ಸಿನೊಡನೆ ಘೋರ ಯುದ್ಧ ನಡೆಯುತ್ತಿದ್ದ ಕಾಲ. ಸಲಹೆ ಕಾಗದದ ಮೇಲೆಯೇ ಉಳಿಯಿತು. ನೌಕಾಚರಿತ್ರೆಗಾಗಿ ತಾನು ಕೂಡಿಸಿದ್ದ ಸಾಮಗ್ರಿಯನ್ನು ಅವನು ಜಾನ್ ಚಾರ್ನಾಕ್ ಎಂಬ ಲೇಖಕನಿಗೆ ಒಪ್ಪಿಸಿ, ಅದರಿಂದ ನಾವಿಕರ ಜೀವನಚರಿತ್ರೆಗಳ ಗ್ರಂಥವೊಂದು ಹೊರಬರುವಂತೆ ಮಾಡಿದನು. ೧೭೯೭ರಲ್ಲಿ ತೋಳು ಕಳೆದುಕೊಂಡು ಬಂದ ನೆಲ್ಸನ್ನನು ಗ್ರೀನಿಚ್‌ನ ಇವನ ಮನೆಯಲ್ಲಿದ್ದಾಗ ಆಬಟ್ ಎಂಬ ಕಲಾವಿದನು ಅವನ ರೂಪವನ್ನು ಚಿತ್ರಿಸಿಕೊಂಡನು. ೧೮೦೦ನೆಯ ಡಿಸೆಂಬರಿನಲ್ಲಿ ವಿಲಿಯಂ ಲಾಕರನು ಕಾಲವಶನಾದನು. ಅವನ ಚಿತ್ರಶಾಲೆಯ ಕನಸು ಅವನೊಡನೆಯೇ ಮಣ್ಣಾಯಿತೆಂದು ನೋಡಿದವರಿಗೆ ತೋರಿರಬೇಕು.

ಎಡ್ವರ್ಡನು ಈಟನ್ ಪಾಠಶಾಲೆಯಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ೧೭೯೫ರಲ್ಲಿ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತನಾದನು. ಅವನು ಕತ್ತಿ ಹಿಡಿದ ಯೋಧನಲ್ಲ. ಲೇಖನಿ ಹಿಡಿದ ಸೇವಕ. ಚಿತ್ರ ಬರೆಯುವ ಕಲೆಯೂ ಅವನಿಗೆ ಒಲಿದಿತ್ತು. ಜಲವರ್ಣದಲ್ಲಿ ಕಟ್ಟಡಗಳನ್ನೂ ಭೂದೃಶ್ಯಗಳನ್ನೂ ಅಂದವಾಗಿ ಬಿಡಿಸುತ್ತಿದ್ದನು. ೧೮೦೪ರಲ್ಲಿ ಸರ್ ಎಡ್ವರ್ಡ್ ಪೆಲ್ಯೂ ಎಂಬ ಅಡ್ಮಿರಲನು ಪೂರ್ವದೇಶಗಳ ನೌಕಾಪಡೆಗೆ ಸೇನಾಪತಿಯಾಗಿ ನೇಮಕಗೊಂಡಾಗ ಲಾಕರನು ಅವನ ಕಾರ್ಯದರ್ಶಿಯಾಗಿ ಜೊತೆಗೂಡಿದನು. ಅಡ್ಮಿರಲನು ಬರೆಯುವ ಪ್ರತಿಯೊಂದು ಆಜ್ಞೆ, ಅವನಿಗೆ ಬರುವ ಪ್ರತಿಯೊಂದು ವರದಿ, ಹಡಗುಗಳ ದುರಸ್ತಿ, ನಾವಿಕರ ಆಹಾರ, ರಾಜಧಾನಿಯೊಡನೆ ಪತ್ರವ್ಯವಹಾರ ಇವೆಲ್ಲವೂ ಕಾರ್ಯದರ್ಶಿಯ ಕೈಯಿಂದ ಹಾದುಹೋಗತಕ್ಕವು. ಕಲ್ಲೊಡೆನ್ ಎಂಬ ಯುದ್ಧನೌಕೆಯ ಮೇಲೆ ಪೆಲ್ಯೂವಿನ ಧ್ವಜ ಹಾರುತ್ತಿತ್ತು. ೧೮೦೯ರ ವರೆಗೆ ಸುಮಾರು ಐದು ವರ್ಷ ಲಾಕರನ ಬಾಳು ಹಿಂದೂ ಮಹಾಸಾಗರದಲ್ಲಿ ಸಾಗಿತು.

ಆ ನೌಕಾಪಡೆಯ ಮುಖ್ಯ ನೆಲೆಗಳಲ್ಲಿ ನಮ್ಮ ಮದರಾಸು ಒಂದಾಗಿತ್ತು. ಇಂದಿನ ಚೆನ್ನೈ ಬಂದರನ್ನು ಕಂಡವರಿಗೆ ಅಂದಿನ ಸ್ಥಿತಿಯನ್ನು ಊಹಿಸುವುದು ಕಷ್ಟ. ಸೈಂಟ್ ಜಾರ್ಜ್ ಕೋಟೆಯ ಎದುರಿಗೆ ಬಂದರೇ ಇರಲಿಲ್ಲ. ತೆರೆದ ಕಡಲು ಮಾತ್ರ ಇತ್ತು. ಕೃತಕ ಬಂದರಿನ ಕಾರ್ಯ ಆರಂಭವಾದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹಡಗುಗಳು ದಡದಿಂದ ದೂರದಲ್ಲಿ ಲಂಗರು ಹಾಕುತ್ತಿದ್ದವು. ಅಲ್ಲಿಂದ ಜನರನ್ನೂ ಸರಕನ್ನೂ ದಡಕ್ಕೆ ತರುವ ಭಾರ ಇಲ್ಲಿಯ ಮೀನುಗಾರರದು. ಮೊಳೆ ಹೊಡೆದ ಗಟ್ಟಿ ದೋಣಿಗಳು ಈ ತೀರದ ಅಲೆಗಳ ಏಟಿಗೆ ಒಡೆದುಹೋಗುತ್ತಿದ್ದವು. ಆದಕಾರಣ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳನ್ನು ಬಳಸುತ್ತಿದ್ದರು. ಅಲೆ ಬಡಿದಾಗ ಅವು ಬಾಗಿ ಬಳುಕಿ ಏಟನ್ನು ತಡೆದುಕೊಳ್ಳುತ್ತಿದ್ದವು. ದೊರೆಯೇ ಆಗಲಿ ದಂಡನಾಯಕನೇ ಆಗಲಿ, ಈ ದೋಣಿಗಾರರ ಕೌಶಲವಿಲ್ಲದೆ ಮದರಾಸಿನ ನೆಲವನ್ನು ಮೆಟ್ಟುವಂತಿರಲಿಲ್ಲ. ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಈಶಾನ್ಯ ಮಾರುತದ ಭೀತಿಯಿಂದ ದೊಡ್ಡ ಹಡಗುಗಳು ಈ ಕಡಲನ್ನೇ ಬಿಟ್ಟು ಹೋಗುತ್ತಿದ್ದವು.

ಲಾಕರನು ಬರುವುದಕ್ಕೆ ಇಪ್ಪತ್ತು ವರ್ಷಗಳಿಗೆ ಸ್ವಲ್ಪ ಹಿಂದೆ ಇದೇ ಕಡಲು ಮಹಾಯುದ್ಧಗಳ ರಂಗಸ್ಥಳವಾಗಿತ್ತು. ಅದು ನಮ್ಮ ಮೈಸೂರಿನ ಹೈದರಾಲಿಯು ಇಂಗ್ಲಿಷರೊಡನೆ ಎರಡನೆಯ ಬಾರಿ ಹೋರಾಡಿದ ಕಾಲ. ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಮೈಸೂರಿನ ಸೈನ್ಯ ಇಂಗ್ಲಿಷರ ದಳವೊಂದನ್ನು ನಿರ್ನಾಮ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಎಂಬಾತನು ಮಂಗಳೂರಿನ ಮುಂದೆ ಹೈದರನ ಹಡಗುಗಳನ್ನು ನಾಶಗೊಳಿಸಿದನು. ೧೭೮೨ರಲ್ಲಿ ಸುಫ್ರೆನ್ ಎಂಬ ಫ್ರೆಂಚ್ ಸೇನಾನಿ ಹೈದರನ ಮಿತ್ರನಾಗಿ ಬಂದನು. ಫೆಬ್ರವರಿ ೧೭ರಂದು ಮದರಾಸಿನ ದಕ್ಷಿಣಕ್ಕಿರುವ ಸದ್ರಾಸಿನ ಬಳಿ ಹ್ಯೂಸನಿಗೂ ಅವನಿಗೂ ಮೊದಲ ಕಾಳಗವಾಯಿತು. ಅನಂತರ ಪ್ರೊವಿಡಿಯನ್, ನಾಗಪಟ್ಟಣ, ತಿರುಕೋಣಮಲೆ, ಕಡೆಯದಾಗಿ ೧೭೮೩ರ ಜೂನಿನಲ್ಲಿ ಕಡಲೂರು ಹೀಗೆ ಐದು ಸಲ ಇಬ್ಬರೂ ಸೆಣಸಿದರು. ಒಂದರಲ್ಲಿಯೂ ಪೂರ್ಣ ಜಯ ಯಾರಿಗೂ ದೊರೆಯಲಿಲ್ಲ. ೧೭೮೨ರ ಜುಲೈ ತಿಂಗಳಲ್ಲಿ ಸುಫ್ರೆನ್ನನೂ ಹೈದರನೂ ಕಡಲೂರಿನ ಬಳಿ ಮುಖಾಮುಖಿ ಭೇಟಿಯಾದರು. ಆ ವರ್ಷ ಮುಗಿಯುವ ಮೊದಲೇ ಹೈದರನು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತೀರಿಕೊಂಡನು.

ಈ ಒಂದೇ ಯುದ್ಧಕ್ಕೆ ಎರಡು ಕಡೆಯವರ ಚಿತ್ರಗಳು ಉಳಿದಿರುವುದು ಗಮನಿಸತಕ್ಕ ಸಂಗತಿ. ಪೊಲ್ಲಿಲೂರಿನ ಜಯವನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಯಿಸಿದನು. ಹ್ಯೂಸನ ಕಡಲ ಕಾಳಗಗಳನ್ನು ಡೊಮಿನಿಕ್ ಸೆರೆ ಎಂಬ ಕಲಾವಿದನು ತೈಲವರ್ಣದಲ್ಲಿ ಚಿತ್ರಿಸಿದನು. ಈ ಸೆರೆಯ ಬಾಳೇ ಒಂದು ಕಥೆ. ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತದಲ್ಲಿ ಹುಟ್ಟಿದ ಅವನನ್ನು ಮನೆಯವರು ಪಾದ್ರಿಯನ್ನಾಗಿ ಮಾಡಲು ಬಯಸಿದರು. ಅವನು ಮನೆಬಿಟ್ಟು ಓಡಿ, ಹಡಗು ಸೇರಿ, ಕಾಲಕ್ರಮದಲ್ಲಿ ವ್ಯಾಪಾರದ ಹಡಗೊಂದರ ಒಡೆಯನಾದನು. ಇಂಗ್ಲಿಷರಿಗೆ ಸೆರೆಸಿಕ್ಕಿ ಇಂಗ್ಲೆಂಡಿಗೆ ಬಂದ ಮೇಲೆ ಅಲ್ಲಿಯೇ ನೆಲೆಸಿ ಕುಂಚ ಹಿಡಿದನು. ೧೭೬೮ರಲ್ಲಿ ಸ್ಥಾಪನೆಯಾದ ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಅವನೂ ಒಬ್ಬನು. ರಾಜನ ಸಮುದ್ರಚಿತ್ರಕಾರನೆಂಬ ಪದವಿಯೂ ಅವನಿಗೆ ಲಭಿಸಿತು. ತನ್ನ ಹುಟ್ಟುನಾಡಿನವರಾದ ಫ್ರೆಂಚರ ವಿರುದ್ಧ ನಡೆದ ಯುದ್ಧಗಳನ್ನು ಅವನೇ ಚಿತ್ರಿಸಬೇಕಾಗಿ ಬಂದುದು ವಿಧಿಯ ವೈಚಿತ್ರ್ಯ. ಅವನು ಬರೆದ ಹ್ಯೂಸನ ಕಾಳಗಗಳ ಚಿತ್ರಗಳನ್ನು ಇಂದು ಗ್ರೀನಿಚ್‌ನಲ್ಲಿ ಕಾಣಬಹುದು.

ಮದರಾಸಿಗೆ ಚಿತ್ರಕಾರರ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾಪ್ಟನ್ ಕುಕ್ಕನ ಎರಡನೆಯ ಯಾತ್ರೆಯಲ್ಲಿ, ೧೭೭೨ರಿಂದ ೧೭೭೫ರ ವರೆಗೆ, ರೆಸಲ್ಯೂಷನ್ ಹಡಗಿನ ಮೇಲೆ ದಕ್ಷಿಣ ಧ್ರುವದ ಮಂಜಿನ ಸೀಮೆಯನ್ನೂ ತಾಹಿತಿ ದ್ವೀಪವನ್ನೂ ಕಂಡು ಚಿತ್ರಿಸಿದ ವಿಲಿಯಂ ಹಾಜಸ್ ಎಂಬಾತನು ೧೭೮೦ರಲ್ಲಿ ಮದರಾಸಿಗೆ ಬಂದನು. ಹೈದರನ ದಂಡು ಕರ್ನಾಟಕ ಪ್ರಾಂತವನ್ನು ಆಕ್ರಮಿಸಿದುದರಿಂದ ಊರು ಬಿಟ್ಟು ಒಳನಾಡಿಗೆ ಹೋಗಲು ಅವನಿಗೆ ಸಾಧ್ಯವಾಗಲಿಲ್ಲ. (ಅಂದು ಇಂಗ್ಲಿಷರು ಕರ್ನಾಟಕವೆಂದು ಕರೆಯುತ್ತಿದ್ದುದು ಆರ್ಕಾಟು ನವಾಬನ ಈ ಸೀಮೆಯನ್ನೇ.) ಇನ್ನು ಲಾಕರನು ಈ ಕಡಲಿನಲ್ಲಿದ್ದಾಗ ಜಾರ್ಜ್ ಚಿನ್ನರಿ ಎಂಬ ಹೆಸರಾಂತ ಕಲಾವಿದನೂ ೧೮೦೭ರ ವರೆಗೆ ಮದರಾಸಿನಲ್ಲಿಯೇ ಇದ್ದನು.

ಈ ಐದು ವರ್ಷಗಳಲ್ಲಿ ಲಾಕರನು ಕಡಲಿನ ಕ್ರೌರ್ಯವನ್ನೂ ಸಮೀಪದಿಂದ ಅರಿತನು. ನೆಲ್ಸನ್ನನ ಆಪ್ತಮಿತ್ರನಾಗಿದ್ದ ಸರ್ ಥಾಮಸ್ ಟ್ರೂಬ್ರಿಜ್ ಎಂಬ ಅಡ್ಮಿರಲನಿಗೆ ಈ ಸಮುದ್ರದ ಒಂದು ಭಾಗದ ಅಧಿಕಾರವನ್ನು ಸರಕಾರ ಕೊಟ್ಟಿತು. ಅದರಿಂದ ಅವನಿಗೂ ಪೆಲ್ಯೂವಿಗೂ ಮನಸ್ತಾಪ ಬೆಳೆಯಿತು. ಕೊನೆಗೆ ಟ್ರೂಬ್ರಿಜನಿಗೆ ಗುಡ್‌ಹೋಪ್ ಭೂಶಿರದ ಅಧಿಕಾರ ದೊರೆತು, ೧೮೦೭ರ ಜನವರಿಯಲ್ಲಿ ಅವನು ಬ್ಲೆನ್‌ಹೀಮ್ ಎಂಬ ಹಡಗಿನಲ್ಲಿ ಮದರಾಸಿನಿಂದ ಹೊರಟನು. ಹಡಗು ಹಳೆಯದಾಗಿ ಜೀರ್ಣವಾಗಿತ್ತು. ಎಚ್ಚರಿಕೆಯ ಮಾತುಗಳು ಅವನ ಕಿವಿಗೆ ಹಿಡಿಸಲಿಲ್ಲ. ಫೆಬ್ರವರಿಯ ಮೊದಲಲ್ಲಿ ಮಡಗಾಸ್ಕರದ ಕಡೆಯ ಸಮುದ್ರದಲ್ಲಿ ಚಂಡಮಾರುತವೊಂದು ಬೀಸಿತು. ಬ್ಲೆನ್‌ಹೀಮ್ ಹಾಗೂ ಜೊತೆಯಲ್ಲಿದ್ದ ಜಾವಾ ಎಂಬ ಎರಡು ಹಡಗುಗಳೂ ಕಾಣೆಯಾದವು. ಪೆಲ್ಯೂವು ಹಗೆಯನ್ನು ಮರೆತು, ಟ್ರೂಬ್ರಿಜನ ಮಗನನ್ನೇ ಹಡಗೊಂದರಲ್ಲಿ ಹುಡುಕಲು ಕಳುಹಿಸಿದನು. ಮಗನು ದ್ವೀಪದಿಂದ ದ್ವೀಪಕ್ಕೆ ಅಲೆದು ಬರಿಗೈಯಿಂದ ಹಿಂದಿರುಗಿದನು. ನೂರಾರು ಜನ ಹೋದ ಎಡೆಯಲ್ಲಿ ಒಂದು ಹಲಗೆಯೂ ಸಿಕ್ಕಲಿಲ್ಲ. ನಾವಿಕನ ಸಾವಿಗೆ ಗುರುತಿಲ್ಲವೆಂದು ಮೊದಲಲ್ಲಿ ನಾವು ಹೇಳಿದ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇವನು ಪೂರ್ವಸಮುದ್ರದಲ್ಲಿದ್ದಾಗಲೇ ೧೮೦೫ರ ಅಕ್ಟೋಬರ್ ೨೧ರಂದು ಟ್ರಫಾಲ್ಗರ್ ಯುದ್ಧ ನಡೆದು ನೆಲ್ಸನ್ನನು ಮಡಿದನು. ೧೮೦೬ರ ಜನವರಿಯಲ್ಲಿ ಅವನ ಕಳೇಬರವನ್ನು ಮೂರು ದಿನ ಸಾರ್ವಜನಿಕರ ದರ್ಶನಕ್ಕಾಗಿ ಇರಿಸಿದುದು ಎಲ್ಲಿ? ಗ್ರೀನಿಚ್‌ನ ಅದೇ ಚಿತ್ರಿತ ಸಭಾಂಗಣದಲ್ಲಿ. ವಿಲಿಯಂ ಲಾಕರನು ನೌಕಾವೀರರ ಸ್ಮಾರಕವಾಗಬೇಕೆಂದು ಬಯಸಿದ್ದ ಮಂಟಪದಲ್ಲಿ ಅವನ ಪರಮಪ್ರಿಯ ಶಿಷ್ಯನೇ ಕೊನೆಯ ಬಾರಿಗೆ ಮಲಗಿದ್ದನು.

ಭಾರತದಿಂದ ಹಿಂದಿರುಗಿದ ಮೇಲೆ ಲಾಕರನು ೧೮೧೧ರಿಂದ ೧೮೧೪ರ ವರೆಗೆ ಪೆಲ್ಯೂವಿನೊಡನೆಯೇ ಮೆಡಿಟರೇನಿಯನ್ ಸಮುದ್ರದಲ್ಲಿ ಕಾರ್ಯದರ್ಶಿಯಾಗಿದ್ದನು. ೧೮೧೩ರಲ್ಲಿ ವೆಲ್ಲಿಂಗ್ಟನ್ನನ ಶಿಬಿರವನ್ನು ಕಾಣಲು ಸ್ಪೇನ್ ದೇಶವನ್ನು ದಾಟಿ ಹೋದನು. ದಾರಿಯಲ್ಲಿ ಕಂಡ ಊರು, ಕೋಟೆ, ಸೇತುವೆಗಳನ್ನು ಚಿತ್ರಿಸಿಕೊಂಡು ಬಂದು, ೧೮೨೪ರಲ್ಲಿ ಅವುಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ೧೮೧೪ರಲ್ಲಿ ಎಲ್ಬಾ ದ್ವೀಪದಲ್ಲಿದ್ದ ನೆಪೋಲಿಯನ್ನನನ್ನೂ ಕಂಡು ಮಾತನಾಡಿದನು. ೧೮೧೫ರಲ್ಲಿ ಎಲೀನರ್ ಬೌಷರ್ ಎಂಬಾಕೆಯನ್ನು ವಿವಾಹವಾಗಿ ಕೆಲವು ವರ್ಷ ವಿಂಡ್ಸರಿನಲ್ಲಿ ನೆಲೆಸಿದನು. ಸಾಮಾನ್ಯ ಜನರಿಗಾಗಿ ಸುಲಭ ಬೆಲೆಯ ಪತ್ರಿಕೆಯೊಂದನ್ನು ಚಾರ್ಲ್ಸ್ ನೈಟ್ ಎಂಬ ಪ್ರಕಾಶಕನೊಡನೆ ಸೇರಿ ನಡೆಸಿದನು.

೧೮೧೯ರಲ್ಲಿ ಅವನ ಬಾಳಿನ ಮುಖ್ಯ ಘಟ್ಟ ಬಂದಿತು. ಗ್ರೀನಿಚ್ ಆಸ್ಪತ್ರೆಯ ಕಾರ್ಯದರ್ಶಿಯಾಗಿ ಅವನಿಗೆ ನೇಮಕವಾಯಿತು. ಬಾಲ್ಯದಲ್ಲಿ ತಂದೆಯೊಡನೆ ನಡೆದಾಡಿದ ಅಂಗಳಕ್ಕೆ ನಲವತ್ತೆರಡನೆಯ ವಯಸ್ಸಿನಲ್ಲಿ ಅಧಿಕಾರಿಯಾಗಿ ಬಂದನು. ಸಭಾಂಗಣವು ಇನ್ನೂ ಬರಿದಾಗಿಯೇ ಇತ್ತು. ತಂದೆಯ ಸಲಹೆಯನ್ನು ಅವನು ಮರೆತಿರಲಿಲ್ಲ. ೧೮೨೩ರಲ್ಲಿ ಆಸ್ಪತ್ರೆಯ ಮಂಡಲಿಯ ಮುಂದೆ ಅದನ್ನು ಮತ್ತೊಮ್ಮೆ ಮಂಡಿಸಿ ಒಪ್ಪಿಗೆ ಪಡೆದನು.

ಒಪ್ಪಿಗೆ ದೊರೆತರೂ ಕೊಳ್ಳುವುದಕ್ಕೆ ಹಣದ ರಾಶಿ ಇರಲಿಲ್ಲ. ಸಂಗ್ರಹವು ಬಹುಮಟ್ಟಿಗೆ ದಾನದಿಂದಲೇ ಬೆಳೆಯಬೇಕಾಗಿತ್ತು. ಚಿತ್ರವುಳ್ಳವರನ್ನು ಕೇಳಬೇಕು, ಒಲಿಸಬೇಕು. ಮನೆತನದ ಆಸ್ತಿಯನ್ನು ನಾಡಿನ ಆಸ್ತಿಯನ್ನಾಗಿ ಮಾಡಲು ಮನವೊಪ್ಪಿಸಬೇಕು. ಅಡ್ಮಿರಲನ ಕಚೇರಿಯಲ್ಲಿ ವರ್ಷಗಟ್ಟಲೆ ಪತ್ರ ಬರೆದು ಪಳಗಿದ ಲೇಖನಿ ಇಲ್ಲಿ ಕೆಲಸಕ್ಕೆ ಬಂದಿತು. ದೊರೆ ನಾಲ್ಕನೆಯ ಜಾರ್ಜನೇ ಮೇಲ್ಪಂಕ್ತಿ ಹಾಕಿದನು. ಅರಮನೆಗಳಲ್ಲಿದ್ದ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ಅವನು ಗ್ರೀನಿಚ್‌ಗೆ ಕೊಟ್ಟನು. ೧೬೬೫ರ ಲೋಸ್ಟಾಫ್ಟ್ ಯುದ್ಧದಲ್ಲಿ ಕಾದಿದ ನಾಯಕರನ್ನು ಪೀಟರ್ ಲೆಲಿ ಎಂಬ ಕಲಾವಿದನು ಚಿತ್ರಿಸಿದ್ದ ಪ್ರಸಿದ್ಧ ಮಾಲೆಯೂ ಅದರಲ್ಲಿ ಸೇರಿತ್ತು. ೧೮೨೪ರಲ್ಲಿ ಚಿತ್ರಶಾಲೆಯ ಬಾಗಿಲು ತೆರೆಯಿತು. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯೂ ಆರಂಭವಾದುದು ಅದೇ ವರ್ಷ ಎಂಬುದನ್ನು ನೆನೆದರೆ ಈ ಕಾರ್ಯದ ಹಿರಿಮೆ ತಿಳಿಯುವುದು. ಅದೇ ವರ್ಷ ಲಾಕರನು ಆಸ್ಪತ್ರೆಯ ಕಮಿಷನರನೂ ಆದನು.

ಇಲ್ಲಿ ಒಂದು ಪ್ರಶ್ನೆಯನ್ನು ವಿಚಾರಿಸುವುದು ಯುಕ್ತ. ಸಮುದ್ರಚಿತ್ರವನ್ನು ಬರೆಯಲು ಸಮುದ್ರದಲ್ಲಿ ದುಡಿದಿರಲೇಬೇಕೆ? ಸಾಮಾನ್ಯ ನೋಟಕನು ಬಣ್ಣವನ್ನೂ ಬೆಳಕನ್ನೂ ನೋಡಿ ಮೆಚ್ಚುತ್ತಾನೆ. ನಾವಿಕನು ಮೊದಲು ನೋಡುವುದು ಗಾಳಿಯನ್ನು. ಗಾಳಿ ಎಡದಿಂದ ಬೀಸಿದರೆ ಬಾವುಟಗಳೆಲ್ಲವೂ ಬಲಕ್ಕೆ ಹಾರಬೇಕು, ಹಡಗು ಬಲಕ್ಕೆ ವಾಲಬೇಕು, ಹಾಯಿಗಳು ಆ ಗಾಳಿಗೆ ಒಪ್ಪುವಂತೆ ತಿರುಗಿರಬೇಕು, ಅಲೆಗಳೂ ಅದರ ಆಜ್ಞೆಗೆ ಒಳಪಟ್ಟಿರಬೇಕು. ಯಾವ ಹಗ್ಗ ಯಾವ ಕೂವೆಮರಕ್ಕೆ ಬಿಗಿದಿದೆಯೆಂಬುದನ್ನು ಅವನು ಕತ್ತಲಲ್ಲಿಯೂ ಬಲ್ಲನು. ಬಾವುಟ ಒಂದು ಕಡೆಗೆ, ಹಾಯಿ ಇನ್ನೊಂದು ಕಡೆಗೆ ಉಬ್ಬಿದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅವನ ಪಾಲಿಗೆ ಅದು ಸುಳ್ಳು.

ಈ ದೃಷ್ಟಿಯಿಂದ ಕಡಲಿನಲ್ಲಿ ಬೆಂದು ಬಂದ ಕಲಾವಿದರ ಕೃತಿಗಳಿಗೆ ವಿಶೇಷ ಬೆಲೆಯುಂಟು. ಸೆರೆಯ ಮಾತನ್ನು ಹೇಳಿದೆವು. ಬ್ರಿಸ್ಟಲ್ ನಗರದ ನಿಕೊಲಸ್ ಪೊಕಾಕ್ ಎಂಬಾತನು ವ್ಯಾಪಾರದ ಹಡಗುಗಳ ಕಪ್ತಾನನಾಗಿದ್ದನು. ದಿನದಿನದ ಗಾಳಿ, ದಿಕ್ಕು, ದೂರಗಳನ್ನು ಬರೆಯುವ ದಿನಚರಿಯಲ್ಲಿಯೇ ಆಯಾ ದಿನ ತನ್ನ ಹಡಗು ಕಂಡ ಬಗೆಯನ್ನೂ ಬಿಡಿಸಿಡುವುದು ಅವನ ವಾಡಿಕೆ. ನಡುವಯಸ್ಸಿನಲ್ಲಿ ಹಡಗನ್ನು ಬಿಟ್ಟು ಪೂರ್ಣಾವಧಿ ಚಿತ್ರಕಾರನಾದನು. ೧೭೯೪ರ ಜೂನ್ ೧ರ ಮಹಾಯುದ್ಧದಲ್ಲಿ ಪೆಗಸಸ್ ಎಂಬ ಹಡಗಿನ ಮೇಲೆ ತಾನೇ ಇದ್ದು, ಗುಂಡಿನ ಹೊಗೆಯ ನಡುವೆ ಕಂಡುದನ್ನು ಗುರುತು ಮಾಡಿಕೊಂಡನು. ಇಂಥ ಚಿತ್ರಗಳು ಚರಿತ್ರೆಗೆ ಸಾಕ್ಷಿಪತ್ರವೂ ಹೌದು.

ಮೂರನೆಯವನು ಜಾರ್ಜ್ ಚೇಂಬರ್ಸ್. ೧೮೦೩ರಲ್ಲಿ ವಿಟ್ಬಿ ಎಂಬ ಬಂದರಿನ ಬಡ ನಾವಿಕನ ಮಗನಾಗಿ ಹುಟ್ಟಿದ ಇವನು ಹತ್ತನೆಯ ವಯಸ್ಸಿಗೆ ಹಡಗಿನ ಹುಡುಗನಾದನು. ಅಲ್ಲಿಯೂ ಇವನ ಕೈ ಸುಮ್ಮನಿರದೆ ಚಿತ್ರ ಬರೆಯುತ್ತಿತ್ತು. ಅದನ್ನು ಕಂಡು ಮೆಚ್ಚಿದ ಯಜಮಾನನು ಕರಾರುಪತ್ರದಿಂದ ಅವನನ್ನು ಬಿಡುಗಡೆ ಮಾಡಿದನು. ಗೋಡೆಗಳಿಗೆ ಬಣ್ಣ ಬಳಿಯುವ ಕೂಲಿಕೆಲಸದಿಂದ ಹೊಟ್ಟೆ ಹೊರೆಯುತ್ತ ಕಲೆಯನ್ನು ಕಲಿತು, ಅವನು ಲಂಡನ್ ಸೇರಿದನು. ೧೮೧೬ರ ಆಗಸ್ಟ್ ೨೭ರಂದು ಪೆಲ್ಯೂವು ಅಲ್ಜಿಯರ್ಸ್ ನಗರದ ಮೇಲೆ ಫಿರಂಗಿ ಹಾರಿಸಿ, ಅಲ್ಲಿ ಗುಲಾಮರಾಗಿದ್ದ ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಬಿಡಿಸಿದ್ದನು. ಆ ಘಟನೆಯನ್ನು ಚಿತ್ರಿಸುವ ಕಾರ್ಯ ಚೇಂಬರ್ಸನ ಪಾಲಿಗೆ ಬಂದಿತು. ೧೮೩೬ರಲ್ಲಿ ಆ ದೊಡ್ಡ ಚಿತ್ರ ಗ್ರೀನಿಚ್ ಚಿತ್ರಶಾಲೆಗಾಗಿ ಸಿದ್ಧವಾಯಿತು. ಪೆಲ್ಯೂವು ಅದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದನು. ಮದರಾಸಿನ ಕಡಲಿನಲ್ಲಿ ಯಾರ ಆಜ್ಞೆಗಳನ್ನು ಬರೆದುಕೊಂಡಿದ್ದನೋ ಆ ಒಡೆಯನ ಸ್ಮಾರಕವು, ಹಡಗಿನ ಹುಡುಗನೊಬ್ಬನ ಕೈಯಿಂದ ಮೂಡಿ, ಲಾಕರನು ಕಟ್ಟಿದ ಶಾಲೆಗೇ ಬಂದು ಸೇರಿತು. ಚೇಂಬರ್ಸನು ೧೮೪೦ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ ಮೃತನಾದನು.

ಕಡಲಿನಲ್ಲಿ ದುಡಿಯದ ಮಹಾಕಲಾವಿದನೊಬ್ಬನ ಅನುಭವವನ್ನೂ ಇದರೊಡನೆ ಹೋಲಿಸಬಹುದು. ಟರ್ನರನು ೧೮೨೪ರಲ್ಲಿ ದೊರೆಗಾಗಿ ಟ್ರಫಾಲ್ಗರ್ ಯುದ್ಧವನ್ನು ಎರಡೂವರೆ ಮೀಟರಿಗೂ ಎತ್ತರದ, ಮೂರೂವರೆ ಮೀಟರಿಗೂ ಅಗಲದ ಬಟ್ಟೆಯ ಮೇಲೆ ಚಿತ್ರಿಸಿದನು. ಬೇರೆ ಬೇರೆ ಹೊತ್ತಿನಲ್ಲಿ ನಡೆದ ಘಟನೆಗಳನ್ನು ಒಂದೇ ನೋಟದಲ್ಲಿ ಅವನು ಕೂಡಿಸಿದ್ದನು. ನೌಕಾಧಿಕಾರಿಗಳು ಬಂದು ಬಂದು ತಪ್ಪು ತೋರಿಸಿದರು. ಅವನು ದಿನಗಟ್ಟಲೆ ತಿದ್ದಿದರೂ ಅವರಿಗೆ ತೃಪ್ತಿಯಾಗಲಿಲ್ಲ. ೧೮೨೯ರಲ್ಲಿ ದೊರೆಯು ಅದನ್ನು ಗ್ರೀನಿಚ್‌ಗೆ ಕೊಟ್ಟನು. ಅಲ್ಲಿದ್ದ ಮುದಿ ನಾವಿಕರು ಟ್ರಫಾಲ್ಗರನ್ನು ಸ್ವತಃ ಕಂಡ ಕಾಲದವರು. ಇಂದು ಜಗತ್ತು ಅದನ್ನು ಶ್ರೇಷ್ಠ ಕಲಾಕೃತಿಯೆಂದು ಮೆಚ್ಚುತ್ತದೆ. ನಾವಿಕನ ಸತ್ಯವೂ ಕವಿಹೃದಯದ ಸತ್ಯವೂ ಒಂದೇ ಗೋಡೆಯ ಮೇಲೆ ಸ್ಥಾನ ಪಡೆಯಬಹುದೆಂಬುದನ್ನು ಈ ಸಂಗ್ರಹ ತೋರಿಸಿಕೊಟ್ಟಿತು.

ಚಿತ್ರಗಳನ್ನು ಕೂಡಿಸಿದುದರಿಂದಲೇ ಲಾಕರನಿಗೆ ತೃಪ್ತಿಯಾಗಲಿಲ್ಲ. ಅವುಗಳಲ್ಲಿರುವವರ ಬಾಳು ತಿಳಿಯದಿದ್ದರೆ ನೋಟಕನಿಗೆ ಮುಖ ಕಂಡೀತೇ ಹೊರತು ಮನುಷ್ಯನು ಕಾಣನು. ಆದ್ದರಿಂದ ಚಿತ್ರಶಾಲೆಯಲ್ಲಿದ್ದ ನೌಕಾನಾಯಕರ ಜೀವನಚರಿತ್ರೆಗಳನ್ನು ೧೮೩೦ರ ಸುಮಾರಿಗೆ ಬರೆದು, ಅವರ ಭಾವಚಿತ್ರಗಳ ಮುದ್ರಣದೊಡನೆ ಪ್ರಕಟಿಸಿದನು. ಕಛೇರಿಯ ದಿನದಿನದ ಕೆಲಸ, ನಾವಿಕರ ಯೋಗಕ್ಷೇಮ, ಚಿತ್ರಶಾಲೆಯ ಪಾಲನೆ ಇವುಗಳಲ್ಲಿ ಇಪ್ಪತ್ತೈದು ವರ್ಷ ಕಳೆದವು. ಕೊನೆಗೆ ದೇಹಮನಸ್ಸುಗಳ ಶಕ್ತಿ ಕುಂದಿ ೧೮೪೪ರಲ್ಲಿ ಅವನು ನಿವೃತ್ತನಾದನು. ಇಷ್ಟು ಜನರ ನೆನಪನ್ನು ಕಾಪಾಡಿದವನ ಮನಸ್ಸೇ ಮಸುಕಾದುದು ಶೋಚನೀಯ. ೧೮೪೯ರ ಅಕ್ಟೋಬರ್ ೧೬ರಂದು ಐವರ್ ಎಂಬ ಹಳ್ಳಿಯಲ್ಲಿ ಎಪ್ಪತ್ತೆರಡು ವರ್ಷ ವಯಸ್ಸಿನ ಲಾಕರನು ದಿವಂಗತನಾದನು. ಅವನ ಮಕ್ಕಳಲ್ಲಿ ಫ್ರೆಡರಿಕನು ಕವಿಯಾಗಿಯೂ ಆರ್ಥರನು ಪತ್ರಿಕಾ ಸಂಪಾದಕನಾಗಿಯೂ ಹೆಸರು ಗಳಿಸಿದರು.

ಅವನ ಅನಂತರವೂ ಅವನ ಕೆಲಸ ಉಳಿಯಿತು. ೧೮೬೯ರಲ್ಲಿ ಮುದಿ ನಾವಿಕರ ವಸತಿ ಮುಚ್ಚಿತು. ೧೮೭೩ರಿಂದ ಆ ಭವನಗಳು ನೌಕಾವಿದ್ಯಾಲಯವಾದವು. ಚಿತ್ರಗಳು ಮಾತ್ರ ಅಲ್ಲಿಯೇ ಇದ್ದವು. ೧೯೩೬ರಲ್ಲಿ ಚಿತ್ರಶಾಲೆಯನ್ನು ಮುಚ್ಚಿ, ಸಂಗ್ರಹವನ್ನು ಹೊಸದಾಗಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ೧೯೩೭ರಲ್ಲಿ ಅದು ಜನರಿಗೆ ತೆರೆಯಿತು. ಹಾಜಸ್, ಸೆರೆ, ಪೊಕಾಕ್, ಚೇಂಬರ್ಸ್, ಟರ್ನರ್ ಎಲ್ಲರೂ ಇಂದು ಅಲ್ಲಿ ಒಂದೇ ಸೂರಿನಡಿ ಇದ್ದಾರೆ. ಥಾರ್ನ್‌ಹಿಲ್ಲನ ಸಭಾಂಗಣವೂ ಜೀರ್ಣೋದ್ಧಾರಗೊಂಡು ೨೦೧೯ರಲ್ಲಿ ಮತ್ತೆ ನೋಟಕರಿಗೆ ಲಭ್ಯವಾಯಿತು.

ಆ ಚಿತ್ರಗಳಲ್ಲಿ ಕಾಣುವ ಜಯಗಳೆಲ್ಲವೂ ನಮಗೆ ಜಯಗಳಲ್ಲ. ಕೆಲವು ನಮ್ಮ ನಾಡಿನ ಸ್ವಾತಂತ್ರ್ಯಹರಣಕ್ಕೆ ದಾರಿ ಮಾಡಿದುವು. ಅವುಗಳಲ್ಲಿ ಮಸೂಲಾ ದೋಣಿಯ ಹುಟ್ಟು ಹಾಕಿದ ನಮ್ಮ ತೀರದ ಬೆಸ್ತರ ಹೆಸರುಗಳು ಬರೆದಿಲ್ಲ. ಮಂಗಳೂರಿನಲ್ಲಿ ಸುಟ್ಟುಹೋದ ಮೈಸೂರಿನ ಹಡಗುಗಳಲ್ಲಿದ್ದವರಿಗೆ ಯಾವ ಚಿತ್ರಶಾಲೆಯೂ ಇಲ್ಲ. ಇದನ್ನು ನಾವು ಲಾಕರನ ಮೇಲಣ ದೂರಾಗಿ ಹೇಳುತ್ತಿಲ್ಲ. ಅವನು ತನ್ನವರ ಋಣವನ್ನು ತೀರಿಸಿದನು. ನಮ್ಮವರ ಋಣ ತೀರಿಸುವುದು ನಮ್ಮ ಕೆಲಸ.

ವಿದ್ಯಾರ್ಥಿಮಿತ್ರರೇ, ಈ ನಗರದಲ್ಲಿ ಎಳುಂಬೂರಿನ ವಸ್ತುಸಂಗ್ರಹಾಲಯವಿದೆ. ೧೯೪೮ರಲ್ಲಿ ತೆರೆದ ಕೋಟೆಯ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಗೋಡೆಚಿತ್ರಗಳು ಒಂದು ರಾತ್ರಿಯ ರೈಲುದಾರಿಯಷ್ಟೇ ದೂರ. ಅವುಗಳನ್ನು ಹೋಗಿ ನೋಡಿರಿ. ಯಾರು ಬರೆದರು, ಯಾರಿಗಾಗಿ ಬರೆದರು, ಯಾರನ್ನು ಬಿಟ್ಟರು ಎಂದು ಕೇಳಿರಿ. ನಿಮ್ಮ ಮನೆಯ ಹಿರಿಯರ ಬಳಿ ಹಳೆಯ ಭಾವಚಿತ್ರವೋ ಕಾಗದವೋ ಇದ್ದರೆ ಅದರ ಹಿಂಬದಿಯಲ್ಲಿ ಹೆಸರನ್ನೂ ಇಸವಿಯನ್ನೂ ಬರೆದಿಡಿರಿ. ಲಾಕರನೂ ಒಂದು ಕಛೇರಿಯಲ್ಲಿ ಕುಳಿತು, ಒಂದೊಂದಾಗಿ ಪತ್ರ ಬರೆದು, ಒಂದೊಂದಾಗಿ ಚಿತ್ರ ಕೂಡಿಸಿ ತಂದೆಯ ಮಾತನ್ನು ನಡೆಸಿದನು. ಹಿರಿಯರು ಅರ್ಧಕ್ಕೆ ಬಿಟ್ಟ ಒಳ್ಳೆಯ ಕೆಲಸ ನಿಮ್ಮ ಮನೆಯಲ್ಲಿಯೂ ಒಂದಿದ್ದೀತು. ಅದು ಯಾವುದೆಂದು ಇಂದೇ ವಿಚಾರಿಸಿರಿ.